ಕೊನೆಯದಾಗಿ ತಿಳಿದ ಊರು

ಗಾಜಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಚ್ಚಿನಕ್ಕ ಎಂದೇ ಕರೆಯುತ್ತಿದ್ದರು. ಕರಗಿದ ಗಾಜು ಬಾಟಲಿಯ ರೂಪ ತಾಳುವ ಕಬ್ಬಿಣದ ಅಚ್ಚುಗಳಿವೆಯಲ್ಲ, ಅವನ್ನು ಉಜ್ಜಿ, ಅಳೆದು, ಬಿರುಕು ಬಿಟ್ಟಿದೆಯಾ ನೋಡಿ ಮತ್ತೆ ಯಂತ್ರಕ್ಕೆ ಕಳಿಸುವ ವಿಭಾಗ ಅವಳ ಕೈಯಲ್ಲಿತ್ತು. ಹದಿನೆಂಟು ವರ್ಷ ಪಳಗಿದ ಕೈ. ಅಚ್ಚಿನ ಒಳಮೈಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಸಾಕು, ಕೂದಲೆಳೆಯಷ್ಟು ತಗ್ಗಿದ್ದರೂ ಹೇಳಿಬಿಡುತ್ತಿದ್ದಳು. ಕಂಪನಿ ಸಮುದ್ರದಾಚೆ ಹೊಸ ಕಾರ್ಖಾನೆ ಕಟ್ಟಿದಾಗ, ಅಲ್ಲಿಯವರಿಗೆ ಕೆಲಸ ಕಲಿಸಲು ಮೂರು ವರ್ಷದ ಮಟ್ಟಿಗೆ ಅವಳನ್ನೇ ಆರಿಸಿತು. ಸಂಸಾರ ಸಮೇತ ಹೋಗಬಹುದು, ಷರತ್ತುಗಳನ್ನು ಕೂತು ಮಾತಾಡೋಣ ಎಂದು ಪತ್ರದಲ್ಲಿತ್ತು.

ಪತ್ರ ಬಂದ ಮೇಲಿನ ಭಾನುವಾರ ಬೆಳಗ್ಗೆ ಮನೆಯವರೆಲ್ಲ ಊಟದ ಮೇಜಿನ ಸುತ್ತ ಸೇರಿದರು. ಕಂಪನಿಯ ಮುಂದೆ ಏನೇನು ಇಡಬೇಕೆಂದು ಅವಳು ಒಂದು ಹಾಳೆ ಹಿಡಿದು ಕೂತಳು.

ಗಂಡ ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಅಳತೆ ಕಳಿಸಿದರೆ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ತಯಾರಿಸಿಕೊಡುತ್ತಿದ್ದ. "ಅಲ್ಲಿಯವರಿಗೂ ವಯಸ್ಸಾಗುತ್ತೆ, ಹಲ್ಲು ಬೀಳುತ್ತೆ. ನನಗೆ ಕೆಲಸ ಮಾಡೋಕೆ ಪರವಾನಗಿ ಕೊಡಿಸು, ಅಷ್ಟು ಸಾಕು. ಸುಮ್ಮನೆ ಕೂತು ತಿಂದರೆ ನನ್ನ ಹಲ್ಲೇ ಸವೆದುಹೋಗುತ್ತೆ" ಎಂದ. ಒಂಬತ್ತು ವರ್ಷದ ಮಗಳು ಬಹಳ ಯೋಚಿಸಿ, "ಭಾಷೆ ಬರಲ್ಲ ಅಂತ ನನ್ನನ್ನ ಒಂದು ಕ್ಲಾಸು ಹಿಂದೆ ಹಾಕಬಾರದು. ಅದನ್ನ ಬರ್ಕೊ" ಎಂದಳು. ಅಚ್ಚಿನಕ್ಕ ಬರೆದುಕೊಂಡಳು.

"ಅಮ್ಮ, ನಿಂದು?" ಎಂದು ತನ್ನ ತಾಯಿಯ ಕಡೆ ತಿರುಗಿದಳು.

ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ. "ನಂದೇನೂ ಇಲ್ಲ. ನಾನು ಬರೋದಿಲ್ಲವಲ್ಲ."

ಯಾಕೆ ಎಂದು ಯಾರೂ ಕೇಳಲಿಲ್ಲ. ಅದು ಆ ಮನೆಯಲ್ಲಿ ಕೇಳುವ ಪ್ರಶ್ನೆಯೇ ಆಗಿರಲಿಲ್ಲ. ಹದಿಮೂರು ವರ್ಷದ ಹಿಂದೆ ಅಚ್ಚಿನಕ್ಕನ ತಮ್ಮ ಮನೆ ಬಿಟ್ಟು ಹೋಗಿದ್ದ. ಆಗ ಅವನಿಗೆ ಇಪ್ಪತ್ನಾಲ್ಕು. ಅವನೂ ಅದೇ ಕಾರ್ಖಾನೆಯಲ್ಲಿ ಅಕ್ಕನ ವಿಭಾಗದಲ್ಲೇ ಮೂರು ವರ್ಷ ಕೆಲಸ ಮಾಡಿ, ಕೆಲಸ ಕಳೆದುಕೊಂಡಿದ್ದ. ಆ ಸಂಜೆ ಅಪ್ಪ ಸಿಟ್ಟಿನಲ್ಲಿ ಕಪಾಳಕ್ಕೆ ಹೊಡೆದು, "ನಡಿ ಹೊರಗೆ" ಎಂದಿದ್ದರು. ಅವನು ಹೊರಗೆ ನಡೆದ. ಒಂದು ವಾರ ಹುಡುಕಿದರು, ಒಂದು ತಿಂಗಳು ಹುಡುಕಿದರು, ಪೊಲೀಸರಿಗೂ ದೂರು ಕೊಟ್ಟರು. ಅಪ್ಪ "ನಾನೇ ಓಡಿಸಿದೆ, ನಾನೇ ಓಡಿಸಿದೆ" ಎಂದು ಕೊರಗಿ ಒಂದೂವರೆ ವರ್ಷ ತುಂಬುವುದರೊಳಗೆ ತೀರಿಕೊಂಡರು.

ಅಂದಿನಿಂದ ಅಮ್ಮ ಒಂದು ದಿನವೂ ಬೇರೆಲ್ಲೂ ತಂಗಿರಲಿಲ್ಲ. ಬೆಳಗಾಗುತ್ತಲೇ ಬಾಗಿಲ ಚಿಲಕ ತೆಗೆದರೆ ಮಲಗುವ ಹೊತ್ತಿನ ತನಕ ಹಾಕುತ್ತಿರಲಿಲ್ಲ. ಬಾಡಿಗೆ ಮನೆಯ ಮಾಲೀಕ ಸುಣ್ಣಬಣ್ಣ ಮಾಡಿಸಲು ಬಂದಾಗಲೆಲ್ಲ ಅದೇ ಮಾಸಲು ಹಸಿರನ್ನೇ ಬಳಿಸಬೇಕು. ಬೇರೆ ಬಣ್ಣ ಕಂಡರೆ ಅವನು ಮನೆ ತಪ್ಪಿತೆಂದು ಮುಂದೆ ಹೋಗಿಬಿಟ್ಟರೆ? "ಈ ಬಣ್ಣ ಈಗ ಅಂಗಡೀಲೇ ಸಿಗಲ್ಲ ತಾಯಿ, ನಿಮಗೋಸ್ಕರ ಕಲಸಿ ತರಬೇಕು" ಎಂದು ಗೊಣಗುತ್ತಲೇ ಅವನು ಕಲಸಿ ತರಿಸುತ್ತಿದ್ದ. ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಸಪ್ಪಳ ಕೇಳಿದರೂ ಅದು ಮೊದಲು ಅವನದಾಗಿ, ಆಮೇಲೆ ಹಾಲಿನವನದೋ ಪಕ್ಕದ ಮನೆಯವರದೋ ಆಗುತ್ತಿತ್ತು. ನಡುವಿನ ಆ ಅರೆಗಳಿಗೆ ಮನೆಯಲ್ಲಿ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ಮಾಮನನ್ನು ಕಣ್ಣಿಂದ ನೋಡಿರದ ಆ ಮಗು ಕೂಡ.

"ಅತ್ತೆ ಬರದಿದ್ದರೆ ನಾವು ಯಾರೂ ಹೋಗೋದು ಬೇಡ" ಎಂದ ಗಂಡ. ಮಗಳಂತೂ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಮುಷ್ಕರ ಹೂಡಿದಳು. ಹದಿನೈದು ದಿನ ಹೀಗೇ ಹಗ್ಗಜಗ್ಗಾಟ ನಡೆದು, ಕೊನೆಗೆ ಅಮ್ಮನೇ ಸ್ವಲ್ಪ ಸಡಿಲವಾದಳು. "ಬರ್ತೀನಿ. ಆದ್ರೆ ಈ ಮನೆ ಬಿಡೋ ಹಾಗಿಲ್ಲ. ಮೂರು ವರ್ಷ ಹೀಗೇ ಇರಬೇಕು, ಇದೇ ಬಣ್ಣ. ನಮ್ಮ ಹೊಸ ವಿಳಾಸ ಬಾಗಿಲ ಮೇಲೆ ಬರೆದು ಅಂಟಿಸಬೇಕು. ಇದನ್ನೂ ನಿನ್ನ ಪಟ್ಟೀಲಿ ಹಾಕ್ಕೊ."

ಪಟ್ಟಿ ಹಿಡಿದು ಅಚ್ಚಿನಕ್ಕ ಸಿಬ್ಬಂದಿ ಅಧಿಕಾರಿಯ ಕೋಣೆಗೆ ಹೋದಳು. ಆತನಿಗೆ ಕಾರ್ಖಾನೆಯಲ್ಲಿ ಕಲಂ ಸಾಹೇಬರು ಎಂಬ ಹೆಸರಿತ್ತು. ಮಾತೆತ್ತಿದರೆ 'ಕಲಂ ಏಳರ ಪ್ರಕಾರ' ಎನ್ನುವುದಕ್ಕೆ ಆ ಹೆಸರು ಬಂತೋ, ಜೇಬಿನಲ್ಲಿ ಸಾಲಾಗಿ ಸಿಕ್ಕಿಸಿದ ನಾಲ್ಕು ಪೆನ್ನುಗಳಿಂದ ಬಂತೋ, ಯಾರಿಗೂ ಗೊತ್ತಿರಲಿಲ್ಲ. ತೆಳ್ಳಗಿನ, ನಿಧಾನದ ಮನುಷ್ಯ.

ಗಂಡನ ಪರವಾನಗಿಗೆ ಕಂಪನಿಯೇ ಅರ್ಜಿ ಹಾಕುತ್ತದೆ ಎಂದರು. ಮಗಳ ಸ್ಕೂಲಿನ ಮಾತಿಗೆ ನಕ್ಕು, "ಇಷ್ಟು ಸ್ಪಷ್ಟವಾಗಿ ಇಲ್ಲೀವರೆಗೆ ಯಾರೂ ಕೇಳಿರಲಿಲ್ಲ ಮೇಡಂ" ಎಂದು ಬರೆದುಕೊಂಡರು. ಅಮ್ಮನ ವಿಷಯಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು.

"ಕಂಪನಿ ಲೆಕ್ಕದಲ್ಲಿ ಕುಟುಂಬ ಅಂದ್ರೆ ಗಂಡ ಹೆಂಡತಿ, ಹದಿನೆಂಟರೊಳಗಿನ ಮಕ್ಕಳು. ತಾಯಿ ಬರಲ್ಲ."

"ಕಂಪನಿಗೆ ತಾಯಿ ಇಲ್ಲವಲ್ಲ ಸರ್, ಅದಕ್ಕೇ ಗೊತ್ತಾಗಿಲ್ಲ. ನನ್ನ ತಾಯಿ ಬರದೆ ನಾನು ಹೊರಡಲ್ಲ."

ಅವರು ದಪ್ಪ ಪುಸ್ತಕ ತೆಗೆದು ಪುಟ ತಿರುವಿದರು. "ಕಲಂ ಹತ್ತೊಂಬತ್ತು. ತಾಯಿ ಪೂರ್ತಿ ನಿಮ್ಮ ಆಸರೆಯಲ್ಲೇ ಇದ್ದು, ನೋಡಿಕೊಳ್ಳೋಕೆ ಬೇರೆ ಮಕ್ಕಳಿಲ್ಲದಿದ್ದರೆ ಸೇರಿಸಬಹುದು. ಅವರೇ ಒಂದು ಹೇಳಿಕೆಗೆ ಸಹಿ ಮಾಡಬೇಕು." ಖಾಲಿ ಮನೆಗೆ ಬಾಡಿಗೆ ಕೊಡುವ ಮಾತು ಕೇಳಿ ಅವರಿಗೆ ಅರ್ಥವೇ ಆಗಲಿಲ್ಲ. "ಆ ಮನೇಲಿ ಯಾರಿರ್ತಾರೆ?" "ಯಾರೂ ಇರಲ್ಲ ಸರ್." ಆದರೂ ಆಯಿತು ಎಂದರು, ಅಲ್ಲಿ ಮನೆಗೆ ಸಾಮಾನು ಕೊಳ್ಳಲು ಕೊಡುವ ಭತ್ಯೆ ಬಿಟ್ಟುಕೊಟ್ಟರೆ ಅದರ ಬದಲಿಗೆ ಇದು ಆಗಬಹುದು ಎಂದರು. ನೆಲದ ಮೇಲೆ ಮಲಗಿದರಾಯಿತು ಎಂದುಕೊಂಡು ಅವಳು ಒಪ್ಪಿದಳು.

ಹೇಳಿಕೆಯ ನಮೂನೆ ಮನೆಗೆ ಬಂತು. ಅಮ್ಮ ಕನ್ನಡಕ ಹಾಕಿ ಒಂದೊಂದೇ ಅಕ್ಷರ ಓದಿದಳು. 'ನನಗೆ ಈಕೆಯ ಹೊರತು ಬೇರೆ ಮಕ್ಕಳಿರುವುದಿಲ್ಲ.' ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

"ಇದ್ದಾನಲ್ಲ" ಎಂದಳು.

"ಅದು ಬರೀ ಕಾಗದಕ್ಕೆ, ಅಮ್ಮ."

"ಕಾಗದಕ್ಕೇ ಆದ್ರೂ ನನ್ನ ಕೈಯಿಂದ ಇಲ್ಲ ಅಂತ ಬರೆಸಬೇಡ."

ಮತ್ತೆ ಕಲಂ ಸಾಹೇಬರು. ಅವರು ತಲೆ ಕೆರೆದುಕೊಂಡು ಇನ್ನೊಂದು ದಾರಿ ಹುಡುಕಿದರು. ಬೇರೆ ಮಗ ಇದ್ದಾನೆ, ಎಲ್ಲಿದ್ದಾನೆಂದು ತಿಳಿಯದು ಎಂದು ಬರೆಯಬಹುದು. ಅದಕ್ಕೆ ಬೇರೆ ನಮೂನೆ, ಅದರಲ್ಲಿ ಕಡೆಯ ಸಾಲು: ಕೊನೆಯದಾಗಿ ತಿಳಿದ ದಿನ ಮತ್ತು ಊರು. "ಇಲ್ಲೇ ತುಂಬಿಬಿಡಿ ಮೇಡಂ, ನಾನು ಟೈಪ್ ಮಾಡಿಸಿ ಕೊಡ್ತೀನಿ." ಅವಳು ಪೆನ್ನು ತೆಗೆದುಕೊಂಡಳು. ಆ ಸಾಲಿಗೆ ಬಂದಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮನೆಯವರೆಲ್ಲರಿಗೂ ಗೊತ್ತಿದ್ದ ದಿನವನ್ನೇ, ತಾವಿರುವ ಊರನ್ನೇ ಬರೆದಳು.

ಎರಡು ದಿನ ಬಿಟ್ಟು ಕಲಂ ಸಾಹೇಬರು ಹೇಳಿಕಳಿಸಿದರು. ಹೋದಾಗ ಬಾಗಿಲು ಮುಂದೆ ಮಾಡಿ, ಹಳೆಯ ಕಡತವೊಂದನ್ನು ಮೇಜಿನ ಮೇಲಿಟ್ಟರು.

"ನಿಮ್ಮ ತಮ್ಮನೂ ನಮ್ಮಲ್ಲೇ ಕೆಲಸ ಮಾಡಿದವರು ಅಂದ್ರಲ್ಲ, ತಾಳೆ ನೋಡೋಣ ಅಂತ ಕಡತ ತರಿಸಿದೆ. ನೀವು ಬರೆದ ದಿನಕ್ಕಿಂತ ಎರಡು ವರ್ಷ ಆಮೇಲಿನ ಕಾಗದ ಇದೆ ಇದರಲ್ಲಿ."

ಆ ಕಾಗದವನ್ನು ಅವಳು ನೋಡಬೇಕಾಗಿರಲಿಲ್ಲ. ಹನ್ನೊಂದು ವರ್ಷದಿಂದ ಅದು ಅವಳಿಗೆ ಬಾಯಿಪಾಠವಾಗಿತ್ತು. ಐದು ಗಂಟೆ ರೈಲು ಪ್ರಯಾಣದ ಒಂದು ಊರಿನಿಂದ, ದೀಪದ ಗಾಜುಬುರುಡೆ ಮಾಡುವ ಸಣ್ಣ ಕಾರ್ಖಾನೆಯಿಂದ ಬಂದದ್ದು. 'ಈ ಅಭ್ಯರ್ಥಿ ತಮ್ಮಲ್ಲಿ ಮೂರು ವರ್ಷ ಕೆಲಸ ಮಾಡಿರುವುದಾಗಿ ಹೇಳುತ್ತಾರೆ. ಇವರ ನಡತೆ, ಕೆಲಸದ ಬಗ್ಗೆ ತಿಳಿಸಬೇಕಾಗಿ ಕೋರಿಕೆ.' ಕೆಳಗೆ ಅವನ ಸಹಿ. ವಿಭಾಗದ ಮುಖ್ಯಸ್ಥರ ಅಭಿಪ್ರಾಯಕ್ಕೆಂದು ಅದು ಅವಳ ಮೇಜಿಗೇ ಬಂದಿತ್ತು. ಅದಕ್ಕೆ ಪಿನ್ನು ಹಾಕಿದ ಉತ್ತರದ ನಕಲಿನಲ್ಲಿ ಒಂದೇ ಸಾಲು: 'ಅಜಾಗರೂಕತೆಗಾಗಿ ಕೆಲಸದಿಂದ ತೆಗೆಯಲಾಗಿದೆ.' ಅದರ ಕೆಳಗೆ ಅವಳ ಸಹಿ.

ಸಾಲು ಸುಳ್ಳಲ್ಲ. ಅಂಚು ಹಾರಿದ ಅಚ್ಚುಗಳನ್ನು ಅವನು ನೋಡದೆ ಯಂತ್ರಕ್ಕೆ ಕಳಿಸಿದ್ದ. ಮಕ್ಕಳ ಔಷಧಿ ತುಂಬುವ ಬಾಟಲಿಗಳ ಒಳಗೆ ಗಾಜಿನ ಸಿಗುರು ನಿಂತಿತ್ತು. ಒಂದು ಪಾಳಿಯ ಮಾಲು ಪೂರ್ತಿ ಒಡೆದು ಕುಲುಮೆಗೆ ಹಾಕಬೇಕಾಯಿತು. ವರದಿ ಬರೆದವಳು ಅವಳೇ, ಬರೆಯಲೇಬೇಕಿತ್ತು. ಆದರೆ ಆ ಸಂಜೆ ಕಾರ್ಖಾನೆಯ ಗೇಟಿನಲ್ಲಿ ಅವನು ಅವಳಿಗಾಗಿ ಕಾದಿದ್ದ. ಎಲ್ಲರೆದುರಿಗೆ ತಲೆ ತಗ್ಗಿಸಬೇಕಾಗಿ ಬಂದ ಉರಿ ಅವಳಿಗೆ. "ಇನ್ನು ನನ್ನ ಕಣ್ಣಿಗೆ ಬೀಳಬೇಡ. ಮನೇಲಿ ನೀನಿದ್ದರೆ ನಾನಿರಲ್ಲ" ಎಂದಿದ್ದಳು. ಅಪ್ಪನ ಏಟು ಬಿದ್ದದ್ದು ಆಮೇಲೆ. ಈ ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅಪ್ಪ ಹೋಗಿಬಿಟ್ಟರು.

ಆಮೇಲೆ ಆ ಕಾಗದ ಬಂತು. ಅಪ್ಪ ಸತ್ತಾಗಲೂ ಬರದವನು ಕೆಲಸಕ್ಕೆ ಮಾತ್ರ ನಮ್ಮ ಹೆಸರು ಹೇಳುತ್ತಾನೆ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಅಪ್ಪ ಸತ್ತದ್ದು ಅವನಿಗೆ ಹೇಗೆ ತಿಳಿಯಬೇಕು ಎಂಬ ಬುದ್ಧಿ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಒಂದು ಸಾಲು ಬರೆದು ಕಳಿಸಿದಳು. ಹತ್ತು ದಿನಕ್ಕೆ ತಡೆಯಲಾರದೆ, ಅಚ್ಚು ಕೊಳ್ಳಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ರೈಲು ಹತ್ತಿದಳು. ಅಲ್ಲಿನ ಗುಮಾಸ್ತ ಹೇಳಿದ: ಹುಡುಗ ಹದಿನಾಲ್ಕು ದಿನ ಬಂದು ಬಂದು ಕೂತಿದ್ದ, ಪಾಪ. ಉತ್ತರ ಬಂದ ದಿನ ತೋರಿಸಿದೆವು. ನೋಡಿ, ಕೈ ಮುಗಿದು ಹೊರಟುಹೋದ.

"ಮೇಡಂ" ಎಂದರು ಕಲಂ ಸಾಹೇಬರು, ತಗ್ಗಿದ ದನಿಯಲ್ಲಿ. "ಕಡತ ನಾನು ತರಿಸಲೇ ಇಲ್ಲ ಅಂದ್ಕೋತೀನಿ. ಹಳೇ ದಿನಾಂಕದಲ್ಲೇ ಟೈಪ್ ಮಾಡಿಸಲಾ? ನೀವು ಹೇಳಿದ ಹಾಗೆ."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಕಾಗದಕ್ಕೆ ಅಮ್ಮ ಸಹಿ ಹಾಕಬೇಕು. ಕನ್ನಡಕ ಹಾಕಿ ಒಂದೊಂದೇ ಅಕ್ಷರ ಓದಿ, ಹದಿಮೂರು ವರ್ಷದಿಂದ ನಂಬಿಕೊಂಡು ಬಂದ ದಿನಾಂಕ ಸರಿಯಾಗಿದೆಯೇ ನೋಡಿ, ಅದರ ಕೆಳಗೆ ತನ್ನ ಹೆಸರು ಬರೆಯಬೇಕು. ಅಮ್ಮನಿಂದ ಇದೊಂದನ್ನು ಮಾಡಿಸುವುದು ಬಾಕಿಯಿತ್ತೇನೋ ಎನಿಸಿತು ಅವಳಿಗೆ.

"ಬೇಡ ಸರ್. ಇದರಲ್ಲಿರೋ ದಿನಾನೇ ಹಾಕಿಸಿ. ಆ ಊರಿನ ಹೆಸರೂ."

ಅಮ್ಮ ಅದನ್ನು ಓದಿದ್ದು ಮಧ್ಯಾಹ್ನ, ಅಡುಗೆಮನೆಯಲ್ಲಿ. ಮಗಳು ಸ್ಕೂಲಿಗೆ ಹೋಗಿದ್ದಳು. ಹಿಂದಿನ ಕೋಣೆಯಿಂದ ಗಂಡನ ಕಟ್ಟುಹಲ್ಲು ಉಜ್ಜುವ ಯಂತ್ರದ ಗುಂಯ್ ಸದ್ದು ಬರುತ್ತಿತ್ತು.

"ತಪ್ಪು ಟೈಪ್ ಮಾಡಿದ್ದಾರೆ" ಎಂದಳು ಅಮ್ಮ. "ದಿನವೂ ತಪ್ಪು, ಊರೂ ತಪ್ಪು. ಇದ್ಯಾವ ಊರು?"

"ತಪ್ಪಿಲ್ಲ ಅಮ್ಮ."

ಅಚ್ಚಿನಕ್ಕ ನಿಂತೇ ಹೇಳಿದಳು. ಗೇಟಿನಿಂದ ಶುರು ಮಾಡಿ, ಕಾಗದ, ತನ್ನ ಒಂದು ಸಾಲು, ರೈಲು, ಗುಮಾಸ್ತ. ನಡುವೆ ಎಲ್ಲೋ ಹಿಂದಿನ ಕೋಣೆಯ ಯಂತ್ರ ನಿಂತಿತು. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಎಲ್ಲ ಮುಗಿದ ಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಕಾಗದ ಬಂದಾಗ ಅಪ್ಪ ಇದ್ರಾ?"

"ಇಲ್ಲ. ಹೋಗಿ ಎಂಟು ತಿಂಗಳಾಗಿತ್ತು."

"ಗೇಟಿನ ಹತ್ರ ನೀನು ಅಂದಿದ್ದು ಅವರಿಗೆ ಗೊತ್ತಿತ್ತಾ?"

"ಇಲ್ಲ."

"ಹಾಗಾದ್ರೆ ಅವರು ಸುಮ್ಮನೆ ಕೊರಗಿ ಸತ್ತರು" ಎಂದಳು ಅಮ್ಮ. ಹೇಳಿಕೆಯನ್ನು ಮಡಿಸಿ ಡಬ್ಬಿಯ ಕೆಳಗಿಟ್ಟು, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು ಇಳಿಸಿದಳು.

ಗಂಡ ಅಂದು ಸಂಜೆ ಒಂದೇ ಮಾತು ಹೇಳಿದ. "ಮದುವೆಯಾಗಿ ಹತ್ತು ವರ್ಷ ದಾಟಿತು. ನನಗಾದರೂ ಹೇಳಬಹುದಿತ್ತು." ಆಮೇಲೆ ಬಹಳ ದಿನ ಅವನ ಬಾಯಿಂದ ಹಲ್ಲಿನ ಜೋಕು ಹೊರಡಲಿಲ್ಲ. ಅಮ್ಮ ಎಲ್ಲರೊಡನೆ ಮಾತಾಡಿದಳು, ಅಚ್ಚಿನಕ್ಕನೊಬ್ಬಳನ್ನು ಬಿಟ್ಟು. ತಟ್ಟೆ ಇಡುವಳು, ಬಡಿಸುವಳು, ಪಕ್ಕದಲ್ಲೇ ಕೂತು ಊಟ ಮಾಡುವಳು. ಮಾತಿಲ್ಲ. ಮೆಟ್ಟಿಲ ಮೇಲೆ ಸಪ್ಪಳವಾದರೆ ಈಗ ಅಚ್ಚಿನಕ್ಕನ ಎದೆ ಮಾತ್ರ ಹಾರುತ್ತಿತ್ತು. ಅಮ್ಮ ತನ್ನ ಕೆಲಸ ನಿಲ್ಲಿಸುತ್ತಿರಲಿಲ್ಲ. ಹದಿಮೂರು ವರ್ಷ ಬಾಗಿಲ ಕಡೆ ತಿರುಗಿದ್ದ ಆ ಕಿವಿ ಒಮ್ಮೆಲೇ ತಿರುಗದೇ ಹೋದದ್ದನ್ನು ನೋಡಲು ಅವಳಿಂದಾಗುತ್ತಿರಲಿಲ್ಲ.

ಒಂಬತ್ತನೇ ದಿನ ಅಮ್ಮ, "ನನ್ನನ್ನ ಆ ಊರಿಗೆ ಕರ್ಕೊಂಡು ಹೋಗು. ಸಹಿ ಆಮೇಲೆ" ಎಂದಳು.

ಇಬ್ಬರೇ ಹೋದರು. ಗಾಜುಬುರುಡೆಯ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆ ಜಾಗದಲ್ಲಿ ಯಾರೋ ಹಾಸಿಗೆಗಳನ್ನು ಒಟ್ಟಿದ್ದರು. ಕಾವಲುಗಾರ ಹೊಸಬ, ಅವನಿಗೆ ಏನೂ ತಿಳಿಯದು. ಗುಮಾಸ್ತನ ಮನೆ ವಿಚಾರಿಸಿದರು; ತನ್ನ ಮಗನ ಜೊತೆ ಎಲ್ಲಿಗೋ ಹೋದನಂತೆ. ಗೇಟಿನ ಒಳಗೆ ಗೋಡೆಗೆ ಸೇರಿಸಿ ಕಟ್ಟಿದ ಸಿಮೆಂಟಿನ ಜಗಲಿಯೊಂದು ಮಾತ್ರ ಹಾಗೇ ಇತ್ತು.

"ಇಲ್ಲೇ ಕೂರ್ತಿದ್ದನಾ?"

"ಕೆಲಸ ಕೇಳೋಕೆ ಬಂದವರೆಲ್ಲ ಇಲ್ಲೇ ಕೂರ್ತಿದ್ದರಂತೆ."

ಅಮ್ಮ ಕೂತಳು. ಅಲ್ಲಿಂದ ಏನು ಕಾಣುತ್ತದೆ ಎಂದು ಒಂದೊಂದಾಗಿ ನೋಡಿದಳು: ಎದುರಿನ ಸೈಕಲ್ ಅಂಗಡಿ, ನೀರಿನ ನಲ್ಲಿ, ರಸ್ತೆಯ ತಿರುವು. ಬಿಸಿಲು ಜಗಲಿಯ ಮೇಲಿಂದ ಸರಿದು ಗೋಡೆ ಹತ್ತುವವರೆಗೆ ಕೂತಳು. ಅಚ್ಚಿನಕ್ಕ ಪಕ್ಕದಲ್ಲಿ ಕೂರಲು ಧೈರ್ಯ ಸಾಲದೆ ನಿಂತೇ ಇದ್ದಳು. ಕಾವಲುಗಾರ ಎರಡು ಲೋಟ ನೀರು ತಂದುಕೊಟ್ಟ.

"ಹದಿನಾಲ್ಕು ದಿನ" ಎಂದಳು ಅಮ್ಮ. ಎದ್ದಳು.

ಹಿಂದಿರುಗುವಾಗ ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತು, ಅರ್ಧ ದಾರಿಯವರೆಗೂ ಕಿಟಕಿ ನೋಡಿ, ಆಮೇಲೆ ಹೇಳಿದಳು: "ಆ ಮನೆ ಬಿಟ್ಟುಬಿಡು. ಬಾಡಿಗೆ ಗೀಡಿಗೆ ಏನೂ ಕೇಳಬೇಡ. ನಿನ್ನ ಸಹಿ ನೋಡಿದವನು ಆ ಬಾಗಿಲಿಗೆ ಬರಲ್ಲ."

ಅಚ್ಚಿನಕ್ಕನಿಗೆ ಬೈಗುಳವಾದರೂ ಸಿಗಬಾರದೇ ಎನಿಸಿತು.

ಅಮ್ಮ ಸಹಿ ಹಾಕಿದಳು. ಮನೆಯ ಬಾಡಿಗೆ ಪಟ್ಟಿಯಿಂದ ಹೋಯಿತು; ಸಾಮಾನಿನ ಭತ್ಯೆ ಮರಳಿ ಬಂತು. ಗಂಡನ ಪರವಾನಗಿ ಆಗಿತ್ತು. ಮಗಳು ಹಿಂದಿನ ತರಗತಿಗೆ ಬೀಳುವುದಿಲ್ಲ ಎಂದು ಸ್ಕೂಲಿನವರು ಬರೆದುಕೊಟ್ಟಿದ್ದರು. ಕರಾರು ಇಪ್ಪತ್ತೆರಡು ಪುಟವಿತ್ತು, ಪ್ರತಿ ಪುಟದ ಕೆಳಗೂ ಸಹಿ ಬೇಕಿತ್ತು. ಕಲಂ ಸಾಹೇಬರು ಒಂದೊಂದೇ ಪುಟ ಮಗುಚಿ ಮುಂದಿಟ್ಟರು. ಮೂರನೆಯದೋ ನಾಲ್ಕನೆಯದೋ ಪುಟದ ಹೊತ್ತಿಗೆ ತನ್ನ ಸಹಿಯನ್ನು ತಾನು ಬರೆಯುತ್ತಿದ್ದಾಳೋ, ಜಗಲಿಯ ಮೇಲೆ ಕೂತ ಯಾರೋ ಅದನ್ನು ಓದುತ್ತಿದ್ದಾರೋ ಅವಳಿಗೆ ತಿಳಿಯದಾಯಿತು. ಮೊದಲಕ್ಷರದ ಕೊಂಬು, ಕೊನೆಗೆ ಎಳೆಯುವ ಗೆರೆ, ಗೆರೆಯ ಕೆಳಗಿನ ಎರಡು ಚುಕ್ಕಿ. ಅಕ್ಕನದೇ ಎಂದು ಗುರುತು ಹಿಡಿಯಲು ಅವನಿಗೆ ಎಷ್ಟು ಹೊತ್ತು ಬೇಕಾಗಿತ್ತು? ಹತ್ತನೇ ಪುಟದ ಸಹಿ ಮೊದಲಿನದಕ್ಕೆ ಹೊಂದಲಿಲ್ಲ. "ನೀರು ಕುಡೀರಿ ಮೇಡಂ, ಅವಸರವಿಲ್ಲ" ಎಂದು ಅವರು ಆ ಪುಟ ಬದಲಿಸಿ ತರಲು ಎದ್ದುಹೋದರು. ಬಂದು ಮತ್ತೆ ಹತ್ತರಿಂದ ಶುರು ಮಾಡಿಸಿದರು.

ಹೋದರು. ಮೂರನೇ ಮಹಡಿಯ ಮನೆ, ಗಾಳಿ ಜಾಸ್ತಿ. ಹೊಸ ಕಾರ್ಖಾನೆಯಲ್ಲಿ ಅವಳ ಹೆಬ್ಬೆರಳಿಗೆ ಬೇಗನೆ ಹೆಸರು ಬಂತು. ಗಂಡ ಒಬ್ಬ ದಂತವೈದ್ಯರ ಹತ್ತಿರ ಸೇರಿಕೊಂಡು, ಇಲ್ಲಿಯವರ ದವಡೆ ಸ್ವಲ್ಪ ಅಗಲ ಎಂದು ಮತ್ತೆ ಜೋಕು ಮಾಡತೊಡಗಿದ. ತಮ್ಮನ ಸುದ್ದಿ ಎಲ್ಲಿಂದಲೂ ಬರಲಿಲ್ಲ. ಹೊರಡುವ ಮೊದಲು ಪತ್ರಿಕೆಗೆ ಕೊಟ್ಟಿದ್ದ ಪ್ರಕಟಣೆಗೆ ಯಾರೂ ಉತ್ತರ ಬರೆಯಲಿಲ್ಲ.

ಅಮ್ಮ ಮಾತಾಡಲು ಶುರು ಮಾಡಿದಳು, ಭಾನುವಾರಗಳಂದು. ಗಂಡ, ಮಗಳು ತಿರುಗಾಡಲು ಹೋದಾಗ ಅಡುಗೆಮನೆಯಲ್ಲಿ ಕೂತು, ತರಕಾರಿ ಹೆಚ್ಚುತ್ತ, ಒಂದೊಂದೇ ಕೇಳುವಳು. ಆ ಕಾಗದ ನೀಲಿ ಶಾಯಿಯದಾ ಕಪ್ಪಾ? ಅವನ ಸಹಿ ನೆಟ್ಟಗಿತ್ತಾ? ಗುಮಾಸ್ತ ಅವನನ್ನ ಸಣಕಲ ಅಂದನಾ, ಪಾಪ ಅಂದನಾ? ಅಚ್ಚಿನಕ್ಕ ನೆನಪಿದ್ದಷ್ಟನ್ನೂ ಹೇಳುವಳು. ಪ್ರತಿ ವಾರ ಏನೋ ಒಂದು ಹೊಸ ಪ್ರಶ್ನೆ ಇರುತ್ತಿತ್ತು. ಒಂದು ಭಾನುವಾರ ಅಮ್ಮ ಚಾಕು ನಿಲ್ಲಿಸಿ ಕೇಳಿದಳು: "ಕಾಗದ ನೋಡಿ ಕೈ ಮುಗಿದ ಅಂದೆ. ಅದಕ್ಕೆ ಮೊದಲು ಏನೂ ಮಾಡಲಿಲ್ವಾ?"

ಇದೊಂದನ್ನು ಅವಳು ಹೇಳಿರಲಿಲ್ಲ. ಅಮ್ಮನಿಗೆ, ಗಂಡನಿಗೆ, ತನಗೇ ತಾನು ಕೂಡ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ.

"ತಿರುವಿ ನೋಡಿದನಂತೆ" ಎಂದಳು.

"ಏನನ್ನ?"

"ಕಾಗದಾನ. ಒಂದು ಸಾಲು ಓದಿ, ಸಹಿ ನೋಡಿ, ಆಮೇಲೆ ಹಿಂದುಗಡೆ ಏನಾದರೂ ಬರೆದಿದೆಯಾ ಅಂತ ತಿರುವಿ ನೋಡಿದನಂತೆ. 'ಬೇರೆ ಏನೂ ಕಳಿಸಿಲ್ವಾ ಸರ್' ಅಂತ ಕೇಳಿದನಂತೆ."

"ಹಿಂದುಗಡೆ?"

"ಏನೂ ಇರಲಿಲ್ಲ ಅಮ್ಮ."

ಅಮ್ಮ ಚಾಕು ಕೆಳಗಿಟ್ಟಳು. ಆಮೇಲೆ ಹೆಚ್ಚಿದ್ದನ್ನೆಲ್ಲ ಪಾತ್ರೆಗೆ ಹಾಕಿ, "ಮಗು ಬರೋ ಹೊತ್ತಾಯ್ತು" ಎನ್ನುತ್ತ ಎದ್ದಳು. ಇನ್ನು ಕೇಳಲಿಕ್ಕೆ ಏನೂ ಉಳಿದಿಲ್ಲ, ಅಮ್ಮ ಇನ್ನು ಕೇಳುವುದಿಲ್ಲ ಎಂದುಕೊಂಡಳು ಅಚ್ಚಿನಕ್ಕ.

ಮುಂದಿನ ಭಾನುವಾರ ಅಮ್ಮ ಅದೇ ಜಾಗದಲ್ಲಿ ಕೂತು, ಮೊದಲಿನಿಂದ ಶುರು ಮಾಡಿದಳು. "ಅವತ್ತು ಗೇಟಿನ ಹತ್ರ ನಿಂತಿದ್ದನಲ್ಲ, ಯಾವ ಅಂಗಿ ಹಾಕಿದ್ದ?"